ತಿನ್ನುವ ಚಿ, ಬಿತ್ತುವ ಚಿ

‘ಹಾಗಾದ್ರೆ ಈ ಹೊಟ್ಟೆ ಯಾರದು?’

ಕನ್ನಡಿಯ ಮುಂದೆ ಅರ್ಧ ಗಡ್ಡ ಬೋಳಿಸಿಕೊಂಡು ನಿಂತಿದ್ದ ರೋಲಿಯಾನ ಗಟ್ಟಿಯಾಗಿಯೇ ಕೇಳಿದ. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ. ಹಿಂದಿನ ಜಗುಲಿ ಇಳಿಜಾರಿನಲ್ಲಿ ಕಂಬಗಳ ಮೇಲೆ ನಿಂತದ್ದು. ಅದರಡಿಗೆ ಇನ್ನೊಬ್ಬರ ಮನೆಯ ತಗಡಿನ ಮಾಡು, ಆ ಮಾಡಿನಡಿಗೆ ಮತ್ತೊಬ್ಬರದು, ಹೀಗೆ ಐಜಾಲ್ ಊರೆಲ್ಲ ಒಬ್ಬರ ತಲೆಯ ಮೇಲೊಬ್ಬರು ಕಾಲಿಟ್ಟುಕೊಂಡು ಕೆಳಗಿನ ಮಂಜಿನೊಳಗೆ ಇಳಿದು ಹೋಗಿತ್ತು. ಎದೆಗೂಡು ಮುಗಿಯುವ ಜಾಗದಲ್ಲಿ, ಬೆರಳಿಟ್ಟು ತೋರಿಸಬಹುದಾದ ಒಂದೇ ಕಡೆ, ಸಣ್ಣದಾಗಿ ಉರಿ ಎದ್ದಿತ್ತು. ಹಾಡು ಶುರುವಾದ ಮೇಲೆ ತಲೆ ತಗ್ಗಿಸಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಸೇರಿಕೊಳ್ಳುವ ಹಾಡುಗಾರನ ಹಾಗೆ ಅದು ಯಾವಾಗಲೂ ತಡವಾಗಿ ಬರುತ್ತಿತ್ತು, ಬಂದ ಮೇಲೆ ಹೋಗುತ್ತಿರಲಿಲ್ಲ. ಕೇರಿಯ ಚರ್ಚಿನ ಗಾಯನ ಮೇಳವನ್ನು ಅರ್ಧ ಆಯುಷ್ಯ ನಡೆಸಿದವನು ಅವನು. ಅಷ್ಟು ಜನರ ನಡುವೆ ಒಬ್ಬನ ದನಿ ಕೂದಲೆಳೆ ಇಳಿದರೂ ಕಣ್ಣುಮುಚ್ಚಿ ಬೆರಳು ತೋರಿಸಿಬಿಡುತ್ತಿದ್ದ. ಆದರೆ ತನ್ನ ಹೊಟ್ಟೆ ಏನು ಹಾಡುತ್ತಿದೆ ಎಂದು ಮಾತ್ರ ಕೇಳಿಸಿಕೊಳ್ಳಲೇ ಇಲ್ಲ. ಅಪ್ಪ ಹೊಟ್ಟೆಯಲ್ಲಿ ಗಡ್ಡೆಯಾಗಿ ಹೋಗಿದ್ದ. ಅಣ್ಣನೂ ಹಾಗೆಯೇ. ಮುಂದಿನದು ಯಾರ ಸರದಿ ಎಂದು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಊಟಕ್ಕೆ ಕೂತಾಗ ಎಲ್ಲರೂ ಅವನ ತಟ್ಟೆಯನ್ನು ಒಮ್ಮೆ ನೋಡಿ, ಬೇರೆ ಕಡೆ ನೋಡುತ್ತಿದ್ದರು.

ನಿನ್ನೆ ಸಂಜೆ ಮೇಳದ ಅಭ್ಯಾಸ ಮುಗಿದು ಜನ ಚದುರುವಾಗ ಮಾಲ್‌ಸೋಮಿ ಅವನನ್ನು ಚರ್ಚಿನ ಮೆಟ್ಟಿಲ ಮೂಲೆಗೆ ಕರೆದಿದ್ದಳು. ಅವನ ಮೇಳದಲ್ಲೇ ಹಾಡಿ ಬೆಳೆದ ಹುಡುಗಿ, ಹಿರಿಯರಿಗೆ ಹೇಳುವ ‘ಪು’ ಬಿಟ್ಟು ಅವನನ್ನು ಕರೆದವಳಲ್ಲ. ಈಗ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಊರವರ ಹೊಟ್ಟೆಯನ್ನೆಲ್ಲ ಗಾಜಿನ ನಳಿಕೆಗಳಲ್ಲಿ ಇಟ್ಟುಕೊಂಡು ಕೂತಿದ್ದಾಳೆ. ‘ಪು, ನೀವು ನಮ್ಮ ಹಾಡಿನ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಗೀಟು ಹಾಕ್ತಿದ್ರಲ್ಲ, ಈ ಚರಣ ಬೇಡ, ಇದನ್ನ ಮಾತ್ರ ಹಾಡಿ ಅಂತ? ಮೈಯೊಳಗೂ ಹಂಗೇನೇ. ಒಂದೊಂದು ಕಣದಲ್ಲೂ ಇಡೀ ಪುಸ್ತಕ ಇರುತ್ತೆ. ಎಲ್ಲಾ ಹಾಡಿದ್ರೆ ಗಲಾಟೆ. ಅದಕ್ಕೇ ಕೆಲವು ಕಿಣ್ವಗಳು ಮೀಥೈಲ್ ಅನ್ನೋ ಗೀಟು ಹಾಕ್ತಾ ಹೋಗ್ತವೆ, ಇದು ಬೇಡ, ಇದು ಬೇಡ ಅಂತ. ಕೆಲವು ಮನೆತನದಲ್ಲಿ ಆ ಗೀಟು ಹಾಕೋ ಕಿಣ್ವವನ್ನ ಬರೆದಿರೋ ಕಡೇನೇ ಒಂದಕ್ಷರ ಬೇರೆ ಇರುತ್ತೆ. ಆಗ ಕೈ ತಪ್ಪಿ, ಹೊಟ್ಟೆ ಕಾಯೋ ಚರಣದ ಮೇಲೇನೇ ಗೀಟು ಬೀಳಬಹುದು.’ ರೋಲಿಯಾನನಿಗೆ ಅದು ಚೆನ್ನಾಗಿ ಅರ್ಥವಾಯಿತು. ಕೈ ತಪ್ಪಿ ಗೀಟು ಹಾಕಿದ್ದು, ಕ್ರಿಸ್ಮಸ್ಸಿನ ದಿನ ಇಡೀ ಮೇಳ ಒಂದು ಚರಣ ನುಂಗಿ ಪಾದ್ರಿಯ ಬಾಯಿ ತೆರೆದಂತೆಯೇ ಉಳಿದದ್ದು, ಎಲ್ಲ ನೆನಪಾಗಿ ನಾಚಿಕೆಯಾಯಿತು. ‘ಅಷ್ಟಕ್ಕೇ ಕಾಯಿಲೆ ಬಂತು ಅಂತಲ್ಲ ಪು. ತಕ್ಕಡೀಲಿ ಒಂದು ಹರಳು ಇಟ್ಟಂಗೆ, ಅಷ್ಟೇ. ಅದರ ಮೇಲೆ ಹೊಗೆ ಮಾಂಸ, ಹೊಗೆನೀರು, ತಿನ್ನೋ ಚಿ, ಎಲ್ಲಾ ಸೇರಬೇಕು. ಆದ್ರೆ ನಿಮ್ಮದು...’ ಎಂದು ಅವಳು ಚಪ್ಪಲಿಯ ತುದಿಯನ್ನು ನೋಡುತ್ತ ನಿಂತಳು. ‘ನಿಮ್ಮ ಅಪ್ಪನ ಹೊಟ್ಟೆಯ ಚೂರು ಆಸ್ಪತ್ರೆಯ ಮೇಣದ ಬಿಲ್ಲೆಯಲ್ಲಿ ಇನ್ನೂ ಇದೆ. ಪುಸ್ತಕ ಎಲ್ಲರಿಗೂ ಎರಡು ಪ್ರತಿ, ಅಪ್ಪನಿಂದ ಒಂದು, ಅಮ್ಮನಿಂದ ಒಂದು; ಅವರ ಎರಡು ಪ್ರತಿಯಲ್ಲೂ ಆ ಅಕ್ಷರ ಇದೆ. ಅಂದ್ರೆ ಮಕ್ಕಳಿಗೆಲ್ಲ ಒಂದಾದ್ರೂ ಬಂದಿರಲೇಬೇಕು. ನಿಮ್ಮ ಅಣ್ಣನ ಬಿಲ್ಲೆಯಲ್ಲೂ ಇದೆ. ನಿಮ್ಮ ರಕ್ತದಲ್ಲಿ ಇಲ್ಲ. ಚಿ ಹೊಂದ್ತಿಲ್ಲ ಪು.’

ನಮ್ಮ ಮಾತಿನಲ್ಲಿ ಉಪ್ಪಿಗೂ ಚಿ ಎನ್ನುತ್ತಾರೆ, ಬಿತ್ತುವ ಬೀಜಕ್ಕೂ ಚಿ, ಹುಟ್ಟಿದ ಕುಲಕ್ಕೂ ಚಿ. ಸ್ವರ ಸ್ವಲ್ಪ ಬೇರೆ ಎಂದು ಓದಿದವರು ಹೇಳುತ್ತಾರೆ. ಪಾದ್ರಿ ಉಪ್ಪಿನ ಮೇಲೆ ಪ್ರವಚನ ಕೊಟ್ಟ ದಿನ ಹಿಂದಿನ ಬೆಂಚಿನ ಮುದುಕರು ಬಿತ್ತನೆಯ ಬಗ್ಗೆ ಯೋಚಿಸಿಕೊಂಡು ಮನೆಗೆ ಹೋದದ್ದೂ ಉಂಟು. ಆದರೆ ನಿನ್ನೆ ಆ ಮೆಟ್ಟಿಲ ಮೇಲೆ ಅನುಮಾನವೇ ಇರಲಿಲ್ಲ. ಆ ಮನೆಯ ಬೀಜ ನೀನಲ್ಲ ಎಂದಳು ಹುಡುಗಿ, ಅಷ್ಟು ಮೆದುವಾಗಿ, ಅಷ್ಟು ಮರ್ಯಾದೆಯಿಂದ. ಅವನು ಮಾಡಿದ್ದೇನು? ಖುಷಿಪಟ್ಟ. ಇದನ್ನು ನೆನೆದೇ ಅವನ ಕೈಯ ಬ್ಲೇಡು ಗಲ್ಲದ ಮೇಲೆ ನಿಂತುಹೋದದ್ದು. ಹೊಟ್ಟೆ ಉಳಿಯಿತು ಎಂದು ಒಳಗೆ ಯಾರೋ ಡೋಲು ಬಾರಿಸಿದರು. ಅಪ್ಪ ಅಪ್ಪನಲ್ಲದಿದ್ದರೆ ಹೋಗಲಿ, ಅಮ್ಮನ ಹೆಸರು ಏನಾದರೆ ಆಗಲಿ, ಹೊಟ್ಟೆ ಉಳಿಯಿತು. ಮನೆಯ ಮೆಟ್ಟಿಲು ಹತ್ತುವಷ್ಟು ಹೊತ್ತು ಆ ಡೋಲು ನಿಲ್ಲಲಿಲ್ಲ. ಬಾಗಿಲಲ್ಲಿ ಬೂಟು ಬಿಚ್ಚುವಾಗಲಷ್ಟೇ ನೆನಪಾಯಿತು, ಆ ನಳಿಕೆಯಲ್ಲಿದ್ದ ರಕ್ತ ತನ್ನದಲ್ಲ, ಗೆಳೆಯ ಬಿಯಾಕಾನದು ಎಂದು.

ರಕ್ತ ತೆಗೆಯುವವರು ಚರ್ಚಿನ ಸಭಾಂಗಣಕ್ಕೆ ಬಂದ ದಿನ ಮಾಲ್‌ಸೋಮಿ ಇರಲಿಲ್ಲ. ಬಂದಿದ್ದವರು ಯಾರ ಮುಖವನ್ನೂ ಅರಿಯದ ಹುಡುಗರು. ನಮ್ಮಲ್ಲಿ ಹೆಸರಿನ ಬಾಲಕ್ಕೆ ಮನೆತನದ ಹೆಸರು ಕಟ್ಟಿಕೊಂಡು ಬರುವುದಿಲ್ಲ. ರೋಲಿಯಾನ ಎಂದು ಕೂಗಿದರೆ ಯಾರು ಎದ್ದು ನಿಂತರೂ ಅವನೇ ರೋಲಿಯಾನ. ಹೆಸರು ಕೇಳಿದ್ದೇ ಅವನು ಬೆಂಚಿಗೆ ಅಂಟಿಕೊಂಡ. ಸೂಜಿಯ ಭಯ ಎಂದು ತನಗೆ ತಾನೇ ಹೇಳಿಕೊಂಡ. ಸೂಜಿಗಿಂತ ಸೂಜಿ ಹೇಳುವ ಮಾತಿನ ಭಯ ದೊಡ್ಡದಿತ್ತು. ಪಕ್ಕದಲ್ಲಿ ಮೇಳದ ಮಂದ್ರ ದನಿಯ ಬಿಯಾಕಾ ಕೂತಿದ್ದ, ಸುಮ್ಮನೆ ನೋಡಲು ಬಂದವನು. ‘ನೀನು ಹೋಗೋ.’ ‘ನಿನ್ನ ಹೆಸರಲ್ಲಿ ನಾನ್ಯಾಕೆ ಚುಚ್ಚಿಸಿಕೊಳ್ಳಲಿ?’ ‘ಆಮೇಲೆ ಮೊಟ್ಟೆ ಕೊಡ್ತಾರೆ, ಬಾಳೆಹಣ್ಣೂ ಇದೆ.’ ಬಿಯಾಕಾ ಅಂಗಿಯ ತೋಳು ಮಡಚಿಕೊಂಡೇ ಎದ್ದ. ಆ ಮೊಟ್ಟೆಯನ್ನು ಅವನು ಹಲ್ಲು ಕಾಣುವ ಹಾಗೆ ನಗುತ್ತ ತಿಂದದ್ದು ಈಗಲೂ ರೋಲಿಯಾನನ ಕಣ್ಣಮುಂದಿತ್ತು. ಇವತ್ತು ಮಧ್ಯಾಹ್ನ ಮಾಲ್‌ಸೋಮಿ ಮನೆಗೇ ಬರುತ್ತಾಳೆ, ಇನ್ನೊಮ್ಮೆ ರಕ್ತ ತೆಗೆದುಕೊಳ್ಳಲು. ಕೊಡದಿದ್ದರೆ ತಾನು ಹಾದರಕ್ಕೆ ಹುಟ್ಟಿದವನು ಎಂದು ಆ ಹುಡುಗಿ ಎಂದೆಂದಿಗೂ ನಂಬಿರುತ್ತಾಳೆ. ಕೊಟ್ಟರೆ ಅಪ್ಪನ ಅಕ್ಷರ ಅದರಲ್ಲಿ ಬಂದು ಕೂತಿರುತ್ತದೆ.

ಗಲ್ಲ ಒರೆಸಿಕೊಂಡು ಒಳಗೆ ಬಂದರೆ ಒಲೆಯ ಪಕ್ಕ ಅಮ್ಮ ದರ್‌ಕೂಂಗಿ ತನ್ನ ಬೆತ್ತದ ಮೋಡಾ ಪೀಠದ ಮೇಲೆ ಕೂತಿದ್ದಳು. ಒಲೆಯ ಮೇಲಿನ ಅಟ್ಟದಿಂದ ತೂಗುಬಿದ್ದ ಹಂದಿಮಾಂಸದ ಪಟ್ಟಿಗಳು ಹೊಗೆ ಕುಡಿದು ಕಪ್ಪಾಗಿದ್ದವು. ಅವಳೂ ಬದುಕಿನುದ್ದಕ್ಕೂ ಅದೇ ಹೊಗೆ ಕುಡಿದವಳು. ಶೀಶೆಯಿಂದ ಒಂದು ಗುಟುಕು ಹೊಗೆನೀರನ್ನು ಬಾಯಿಗೆ ಸುರಿದುಕೊಂಡು, ನುಂಗದೆ ಉಗುಳದೆ ಕೆನ್ನೆಯಲ್ಲಿ ಇಟ್ಟುಕೊಂಡಿದ್ದಳು. ತಂಬಾಕಿನ ಹೊಗೆ ಹಾಯಿಸಿದ ಆ ನೀರು ಬಾಯಲ್ಲಿದ್ದಷ್ಟು ಹೊತ್ತು ಅವಳ ಮಾತು ಕೊಳಾಯಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು; ಹಲ್ಲುಗಳಂತೂ ಹೋಗಿ ಎಷ್ಟೋ ಕಾಲವಾಗಿತ್ತು. ಕಿವಿಯೂ ತನಗೆ ಬೇಕಾದಾಗ ಮಾತ್ರ ಕೇಳುವ ಕಿವಿ. ಅವನು ಅವಳನ್ನು ನೋಡುತ್ತ ನಿಂತ. ಇದೇ ಒಲೆಯ ಆಚೆ ಬದಿಗೆ ಅಪ್ಪನ ಹಾಸಿಗೆ ಇತ್ತು. ಕೊನೆಕೊನೆಗೆ ಗಂಜಿಯೂ ಇಳಿಯುತ್ತಿರಲಿಲ್ಲ. ಆ ಬೆಳಿಗ್ಗೆ ಅಪ್ಪ ಕಣ್ಣು ಬಿಟ್ಟು, ಅವನನ್ನೇ ನೋಡುತ್ತ, ‘ಚಿ...’ ಎಂದಿದ್ದ. ಅವನು ಓಡಿಹೋಗಿ ಉಪ್ಪು ತಂದು ಚಿಟಿಕೆಯಷ್ಟು ನಾಲಿಗೆಗೆ ಇಟ್ಟ. ಅಪ್ಪ ಚಪ್ಪರಿಸಲಿಲ್ಲ, ಉಗುಳಲೂ ಇಲ್ಲ. ತುಟಿ ಒಂದು ಬದಿಗೆ ಎಳೆಯಿತು, ನಕ್ಕ ಹಾಗೆ. ಅದು ನಗುವೇ ಎಂದು ಅವನು ಇಷ್ಟು ಕಾಲ ಅಂದುಕೊಂಡಿದ್ದ. ‘ಏನೋ ರೋಆ, ಹಂಗೆ ನೋಡ್ತಿದೀಯ? ನನ್ನ ಮುಖದಲ್ಲಿ ಹಾಡು ಬರೆದಿದಾರಾ?’ ಎಂದಳು ಅಮ್ಮ, ಕೊಳಾಯಿಯ ದನಿಯಲ್ಲಿ. ‘ಅರ್ಧ ಗಡ್ಡ ಹಂಗೇ ಇದೆ. ಯಾರಿಗೆ ಬಿಟ್ಟಿದೀಯ ಅದನ್ನ?’

ಬಿಯಾಕಾ ಬಾಗಿಲು ತಟ್ಟುವ ಅಭ್ಯಾಸದವನಲ್ಲ. ಒಳಗೆ ಬಂದವನೇ ಮೊದಲು ಮಾಂಸದ ಪಟ್ಟಿಗಳನ್ನು, ಆಮೇಲೆ ಮನುಷ್ಯರನ್ನು ನೋಡಿದ. ಅಮ್ಮ ಒಂದು ತುಂಡು ಕೊಯ್ದು ಕೆಂಡದ ಮೇಲೆ ಇಟ್ಟಳು. ಕೆಂಪು ಚಹಾ, ಬೆಲ್ಲದ ಚೂರು ಬಂತು. ರೋಲಿಯಾನ ಗೆಳೆಯನನ್ನು ಜಗುಲಿಗೆ ಎಳೆದುಕೊಂಡು ಹೋಗಿ, ಬೂಟಿನ ಲೇಸು ಕಟ್ಟುವವನ ಹಾಗೆ ಬಗ್ಗಿ, ನಿನ್ನೆಯದನ್ನೆಲ್ಲ ಪಿಸುಗುಟ್ಟಿದ. ಬಿಯಾಕಾನಿಗೆ ಹೊಳೆದದ್ದು ಒಂದೇ ಸಂಗತಿ.

‘ಅಂದ್ರೆ ನನ್ನ ಹೊಟ್ಟೆ ಒಳ್ಳೇದು ಅಂತಾಯ್ತು!’

‘ಮೆಲ್ಲಗೆ ಮಾರಾಯ.’

‘ಯಾಕೆ ಮೆಲ್ಲಗೆ? ಜೀವಮಾನದಲ್ಲಿ ಮೊದಲ ಸಲ ಪರೀಕ್ಷೇಲಿ ಪಾಸಾಗಿದೀನಿ. ಅದೂ ನಿನ್ನ ಹೆಸರಲ್ಲಿ!’

‘ಅವಳು ಬಂದಾಗ ಬಾಯಿ ಬಿಟ್ಟೀಯಾ, ಮೇಳದಿಂದ ತೆಗೆದು ಹಾಕ್ತೀನಿ.’

‘ತೆಗೆದು ಹಾಕು. ನನ್ನ ಬಿಟ್ರೆ ನಿನ್ನ ಹಾಡಿಗೆ ಬುಡಾನೇ ಇಲ್ಲ.’ ಅದು ನಿಜವಾಗಿತ್ತು. ‘ನೋಡು, ನಾನು ಸುಮ್ಮನಿರ್ತೀನಿ. ಆದ್ರೆ ಆ ಹೊಟ್ಟೆ ನನ್ನದು. ಅದನ್ನ ನೀನು ಇಟ್ಕೋಬೇಡ.’

ಇಷ್ಟು ಹೇಳಿ ಅವನು ಒಳಗೆ ಹೋಗಿ, ಕೆಂಡದ ಮೇಲಿನ ತುಂಡನ್ನು ಬೆರಳಲ್ಲೇ ಎತ್ತಿ, ಪಾಸಾದವನ ನೆಮ್ಮದಿಯಲ್ಲಿ ಅಗಿಯತೊಡಗಿದ. ಅದನ್ನು ನೋಡುತ್ತ ರೋಲಿಯಾನನಿಗೆ ಬಂದ ಸಿಟ್ಟು ಇಂಥದ್ದೆಂದು ಹೇಳುವಂತಿರಲಿಲ್ಲ. ತನ್ನದೇನನ್ನೋ ಕದ್ದು ತಿನ್ನುತ್ತಿದ್ದಾನೆ ಎನಿಸಿತು. ಕದ್ದವನು ತಾನೇ ಎಂಬುದು ಗೊತ್ತಿದ್ದರೂ ಹಾಗೇ ಎನಿಸಿತು.

ಮಾಲ್‌ಸೋಮಿ ಬಂದಾಗ ಮಂಜು ಕರಗಿ ಬಿಸಿಲು ಬಂದಿತ್ತು. ಅವಳು ಬ್ಯಾಗನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಳು. ಅಮ್ಮನತ್ತ ಒಮ್ಮೆ ನೋಡಿ ನೋಟ ಕೆಳಗೆ ಹಾಕಿದಳು. ಆ ಕೆಳಗೆ ಹಾಕಿದ ನೋಟ ರೋಲಿಯಾನನ ಎದೆಗೆ ಬಂದು ತಾಗಿತು. ಎಂಬತ್ತು ದಾಟಿದ ಮುದುಕಿ, ದಿನಕ್ಕೆರಡು ಬಾರಿ ಮೊಣಕಾಲೂರಿ ಪ್ರಾರ್ಥನೆ ಮಾಡುವವಳು, ಇಡೀ ಊರಿನ ಬಾಣಂತಿಯರಿಗೆ ನೀರು ಹಾಕಿದವಳು. ಅವಳನ್ನು ಈ ಹುಡುಗಿ ಈಗ ಕನಿಕರದಿಂದ ನೋಡುತ್ತಿದ್ದಾಳೆ. ಒಂದು ಮಾತು ಸಾಕಿತ್ತು. ಆ ಮಾತು ಗಂಟಲಿಗೆ ಬಂದು, ಗಂಟಲ ಕೆಳಗಿನ ಉರಿಯನ್ನು ಕಂಡು, ವಾಪಸು ಹೋಯಿತು. ‘ಚಹಾ ಕುಡಿ,’ ಎಂದ.

‘ಪು, ನಿನ್ನೆ ಹೇಳಿದ್ದೇ. ನಾನು ಎರಡು ಸಲ ನೋಡಿದೆ. ನಳಿಕೆ ಅದಲುಬದಲಾಗಿರಬಹುದು ಅಂತ ಇನ್ನೊಮ್ಮೆ ತಗೊಳ್ತೀನಿ. ಆಗಿಲ್ಲ ಅಂದ್ರೆ... ನಿಮ್ಮ ಚಿ, ನಿಮ್ಮ ತಂದೆಯವರ ಚಿ, ಬೇರೆ ಬೇರೆ ಅಂತ ಆಗುತ್ತೆ. ಹೊಟ್ಟೆ ಮಟ್ಟಿಗೆ ಅದು ಒಳ್ಳೇದೇ.’

ಕೊಳಾಯಿಯ ದನಿ ಒಲೆಯ ಕಡೆಯಿಂದ ಬಂತು. ‘ಇವನ ಚಿ ಬೇರೆನೇ. ಅದನ್ನ ಹೇಳೋಕೆ ಅಷ್ಟು ಓದಬೇಕಿತ್ತಾ ಮಗಳೇ?’

ಬಿಯಾಕಾನ ದವಡೆ ನಿಂತುಹೋಯಿತು.

‘ಬಿದಿರು ಹೂಬಿಟ್ಟ ವರ್ಷ,’ ಎಂದಳು ದರ್‌ಕೂಂಗಿ, ಕೆಂಡ ಕೆದಕುತ್ತ. ‘ಅದರ ಕಾಯಿ ತಿಂದು ಹೆಚ್ಚಿದ ಇಲಿಗಳು ಗದ್ದೆ ತಿಂದವು, ಕಣಜ ತಿಂದವು. ಇವರಪ್ಪ ಅಕ್ಕಿ ತರ್ತೀನಿ ಅಂತ ಕೆಳಗೆ ಬಯಲಿಗೆ ಹೋದವನು ಎಷ್ಟು ಕಾಲವಾದ್ರೂ ಇಲ್ಲ. ಮನೇಲಿ ಚಿ ಅನ್ನೋದೇ ಇಲ್ಲ. ಚಿ ಇಲ್ದೆ ಹೆಂಗಸು ಎಷ್ಟು ದಿನ ಇರ್ತಾಳೆ? ಆಗ ಪಕ್ಕದ ಮನೆ ಡೆಂಗ್‌ಖುಮಾ, ಪಾಪ, ತಾನಾಗೇ ಬಂದ. ಕೇಳಲೂ ಇಲ್ಲ ನಾನು. ಯಾರಿಗೂ ಹೇಳಬೇಡ ಅಂದ. ಅವನ ಹೆಂಡತಿಗೆ ಗೊತ್ತಾದ್ರೆ ಕೊಲ್ತಿದ್ಲು, ಅವಳ ಪಾಲಿಂದು ಅಲ್ವಾ? ಮುಂದಿನ ಬೇಸಿಗೆಗೆ ಇವನು ಹುಟ್ಟಿದ. ಇವನ ಮೈಯಲ್ಲಿರೋದು ಡೆಂಗ್‌ಖುಮಾನ ಚಿ.’

ಮಾಲ್‌ಸೋಮಿಯ ಕಿವಿ ಕೆಂಪಾಯಿತು. ಉಪ್ಪಿನ ಮಾತೋ, ಬೀಜದ ಮಾತೋ? ರೋಲಿಯಾನ ತನ್ನ ಕಿವಿಯನ್ನೆಲ್ಲ ಚಾಚಿ ಕೇಳಿದ್ದ. ಸ್ವರ ಏರಿತೇ, ಇಳಿಯಿತೇ? ಅಷ್ಟು ದನಿಗಳ ನಡುವೆ ಕೂದಲೆಳೆ ಹಿಡಿಯುವ ಅವನ ಕಿವಿಗೆ ಹಲ್ಲಿಲ್ಲದ ಬಾಯಿ, ಕೆನ್ನೆಯ ತುಂಬ ಹೊಗೆನೀರು, ಎಲ್ಲ ಒಂದೇ ಗುಳುಗುಳು ಎಂದು ಕೇಳಿಸಿತು. ಉಪ್ಪೇ ಇರಬೇಕು. ಉಪ್ಪಲ್ಲದೆ ಇನ್ನೇನು! ಆ ವರ್ಷ ಉಪ್ಪಿಗೆ ಬರ ಇದ್ದದ್ದು ಊರಿಗೆಲ್ಲ ಗೊತ್ತು. ಆದರೆ ಡೆಂಗ್‌ಖುಮಾ? ಅವನು ಸುತ್ತಲ ಬೆಟ್ಟಗಳಲ್ಲೆಲ್ಲ ಹೆಸರಾದ ಹಾಡುಗಾರ. ಅವನು ಬಾಯಿ ತೆರೆದರೆ ಎದುರು ಬೆಟ್ಟದವರು ಕೆಲಸ ನಿಲ್ಲಿಸುತ್ತಿದ್ದರಂತೆ. ಅಪ್ಪನೋ, ಪ್ರಾರ್ಥನೆಯ ಕೊನೆಯ ಆಮೆನ್ ಕೂಡ ಅಪಸ್ವರದಲ್ಲಿ ಹೇಳುತ್ತಿದ್ದವನು. ಹಾಗಾದರೆ ತನ್ನ ಗಂಟಲು ಎಲ್ಲಿಂದ ಬಂತು? ಡೆಂಗ್‌ಖುಮಾ ಹೊಗೆ ಮಾಂಸ, ಹುದುಗಿಸಿದ ಹಂದಿಕೊಬ್ಬು, ಕಲ್ಲು ಬಿಟ್ಟು ಎಲ್ಲ ತಿಂದು, ತೊಂಬತ್ತರ ಆಚೆ ಹಲಸಿನ ಮರ ಹತ್ತಿ ಬಿದ್ದು ಸತ್ತವನು. ಹೊಟ್ಟೆ ಒಮ್ಮೆಯೂ ಅವನ ಮಾತು ಮೀರಿರಲಿಲ್ಲ. ರೋಲಿಯಾನನೊಳಗೆ ನಿನ್ನೆಯ ಡೋಲು ಮತ್ತೆ ಮೆಲ್ಲಗೆ ಶುರುವಾಯಿತು. ಅದನ್ನು ಕೇಳಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಪ್ಪನ ನಾಲಿಗೆಯ ಮೇಲಿಟ್ಟ ಉಪ್ಪಿನ ಚಿಟಿಕೆ, ಒಂದು ಬದಿಗೆ ಎಳೆದ ಆ ತುಟಿ... ಆ ಬೆಳಿಗ್ಗೆ ಅಪ್ಪ ಕೇಳಿದ್ದು ಯಾವ ಚಿ? ಕೇಳಿದ್ದೋ, ಹೇಳಿದ್ದೋ?

‘ನನ್ನ ಹೊಟ್ಟೆ ಹೋಯ್ತು!’ ಎಂದ ಬಿಯಾಕಾ, ಇದ್ದಕ್ಕಿದ್ದಂತೆ.

‘ಏನು ಪು?’ ಎಂದಳು ಮಾಲ್‌ಸೋಮಿ.

‘ಏನೂ ಇಲ್ಲ, ಅವನಿಗೆ ಮಾಂಸ ಗಂಟಲಲ್ಲಿ ಸಿಕ್ಕಿದೆ,’ ಎಂದ ರೋಲಿಯಾನ.

‘ಗಂಟಲಲ್ಲಿ ಏನೂ ಸಿಕ್ಕಿಲ್ಲ. ನೋಡವ್ವ, ನಾನು ಸುಮ್ಮನಿರ್ತೀನಿ ಅಂದಿದ್ದೆ. ಆದ್ರೆ ಇವರು ತಾಯಿ ಮಗ ಸೇರ್ಕೊಂಡು ಆ ಡೆಂಗ್‌ಖುಮಾನಿಗೆ ಕೊಟ್ಬಿಡ್ತಿದಾರೆ. ಆ ರಕ್ತ ನನ್ನದು! ಇಲ್ಲಿಂದ ತೆಗೆದಿದ್ದು, ನೋಡು, ಈ ತೋಳಿಂದ. ಇವನಿಗೆ ಸೂಜಿ ಅಂದ್ರೆ ಭಯ. ನಮ್ಮಪ್ಪ ನಮ್ಮಪ್ಪನೇ, ನಮ್ಮಮ್ಮ ಯಾರ ಮನೆ ಚಿನೂ ಮುಟ್ಟಿದವಳಲ್ಲ.’

‘ಮುಟ್ಟಿದಾಳೆ,’ ಎಂದಳು ದರ್‌ಕೂಂಗಿ. ‘ನನ್ನ ಹತ್ರಾನೇ ಎಷ್ಟು ಸಲ ಇಸ್ಕೊಂಡಿದಾಳೆ. ಒಂದು ಸಲಾನೂ ತಿರುಗಿ ಕೊಟ್ಟಿಲ್ಲ.’

ಮಾಲ್‌ಸೋಮಿ ನಗುತ್ತಾಳೆ ಎಂದು ರೋಲಿಯಾನ ಕಾದ. ಅವಳು ನಗಲಿಲ್ಲ. ‘ಪು,’ ಎಂದಳು, ‘ನಿಮ್ಮ ನಳಿಕೆ ಹಿಡ್ಕೊಂಡು ನಾನು ತಿಂಗಳುಗಟ್ಟಲೆ ತಲೆ ಕೆಡಿಸ್ಕೊಂಡಿದೀನಿ. ಹೆಂಗೆ ಹೇಳಲಿ, ಹೆಂಗೆ ಹೇಳದೆ ಇರಲಿ ಅಂತ ಊಟ ಬಿಟ್ಟಿದೀನಿ. ಪೀಯವರ ಮುಖ, ನಿಮ್ಮಮ್ಮನ ಮುಖ ನೋಡೋಕೆ ಆಗ್ಲಿಲ್ಲ ನನಗೆ, ಬಂದಾಗಿನಿಂದ. ನೀವು ನೋಡ್ತಾ ಕೂತಿದ್ರಿ. ಮೇಳದಲ್ಲಿ ನಾನು ಒಂದು ಸ್ವರ ತಪ್ಪಿದ್ರೆ ಎಲ್ಲರ ಮುಂದೆ ನಿಲ್ಲಿಸ್ತಿದ್ರಿ ಅಲ್ವಾ?’

ಎಲ್ಲರ ಮುಂದೆ ನಿಂತ ಹುಡುಗಿಯ ಮುಖ ಅವನಿಗೆ ನೆನಪಿತ್ತು. ಎರಡು ಜಡೆ, ತುಟಿ ಕಚ್ಚಿಕೊಂಡು. ಈಗ ಗಲ್ಲದ ಬೋಳಿಸದ ಅರ್ಧದ ಮೇಲೆ ತಾನಾಗಿ ಅವನ ಕೈ ಹೋಯಿತು. ಅವಳು ಬ್ಯಾಗು ತೆರೆದು, ರಬ್ಬರಿನ ಪಟ್ಟಿ, ಹತ್ತಿ, ಸೂಜಿ ಒಂದೊಂದಾಗಿ ಮಣೆಯ ಮೇಲೆ ಇಟ್ಟಳು. ‘ತೋಳು ಕೊಡಿ. ಇದಾದ ಮೇಲೆ ಆಸ್ಪತ್ರೆಗೆ ಹೋಗಿ ಹೊಟ್ಟೆಯೊಳಗೆ ಕೊಳವೆ ಬಿಟ್ಟು ನೋಡಿಸ್ಕೋಬೇಕು. ಉರಿ ಇದೆ ತಾನೇ? ಸುಳ್ಳು ಹೇಳಬೇಡಿ, ಕೈ ಅಲ್ಲೇ ಇಟ್ಕೊಂಡಿದೀರ. ಅಕ್ಷರ ಇದ್ರೂ ಹೆದರೋದು ಬೇಡ. ಬೇಗ ನೋಡಿದ್ರೆ ಬೇಗ ಉಪಾಯ.’

‘ನನಗೆ ಮೊಟ್ಟೆ ಉಂಟಾ ಈ ಸಲ?’ ಎಂದ ಬಿಯಾಕಾ.

ರೋಲಿಯಾನ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ. ಮತ್ತೆ ಬಿಚ್ಚಿದ. ಸೂಜಿಯ ತುದಿಯಲ್ಲಿ ಕಿಟಕಿಯ ಬಿಸಿಲು ಚುಕ್ಕಿಯಷ್ಟು ನಿಂತಿತ್ತು. ಒಂದು ಉಪಾಯ ಹೊಳೆಯಿತು, ಎಷ್ಟು ಸುಲಭದ್ದೆಂದರೆ ಅವನಿಗೆ ನಗೆಯೇ ಬಂತು. ಗೊತ್ತಿರುವವಳು ಇಲ್ಲೇ ಕೂತಿದ್ದಾಳೆ. ಅವಳು ಒಂದು ಮಾತು ಹೇಳಿದರೆ ಮುಗಿಯಿತು. ಡೆಂಗ್‌ಖುಮಾನ ಹೊಟ್ಟೆಯಾದರೆ ಈ ಸೂಜಿ ಬೇಡ, ಕೊಳವೆ ಬೇಡ, ಉರಿ ಬರೀ ಉರಿ. ಅವಮಾನವೋ? ಆಗಲಿ, ಅವಮಾನಕ್ಕೆ ಗಡ್ಡೆ ಬರುವುದಿಲ್ಲ. ಅವನು ಎದ್ದು ಹೋಗಿ ಒಲೆಯ ಪಕ್ಕ, ಅಪ್ಪನ ಹಾಸಿಗೆ ಇದ್ದ ಜಾಗದಲ್ಲಿ, ಕುಕ್ಕರುಗಾಲಲ್ಲಿ ಕೂತ. ಅವಳ ಮೊಣಕಾಲ ಮೇಲೆ ಕೈಯಿಟ್ಟ. ಚಿಕ್ಕಂದಿನಲ್ಲಿ ಬೆಲ್ಲ ಬೇಕಾದಾಗ ಹೀಗೇ ಇಡುತ್ತಿದ್ದ.

‘ಅಮ್ಮಾ.’

‘ಹ್ಞೂಂ.’

‘ಬಾಯಲ್ಲಿರೋದನ್ನ ಉಗುಳು ಮೊದಲು.’

ಅವಳು ಬೂದಿಯ ಡಬ್ಬಿಗೆ ಉಗುಳಿದಳು. ತುಟಿ ಒರೆಸಿಕೊಂಡಳು. ಈಗ ಅವಳ ಬಾಯಿ ಚೊಕ್ಕವಾಗಿತ್ತು. ಸ್ವರ ಏರಿದರೂ ಇಳಿದರೂ ಕೇಳಿಸುವಂತಿತ್ತು. ಅವನು ಕಣ್ಣು ಮುಚ್ಚಿದ, ಮೇಳದ ಮುಂದೆ ನಿಂತಾಗ ಮುಚ್ಚುವ ಹಾಗೆ.

‘ಡೆಂಗ್‌ಖುಮಾ ಕೊಟ್ನಲ್ಲ, ಅದು ತಿನ್ನೋ ಚಿನಾ, ಬಿತ್ತೋ ಚಿನಾ? ಒಂದು ಸಲ ಹೇಳಿಬಿಡಮ್ಮ. ನಾನೇನೂ ಬೇಜಾರು ಮಾಡ್ಕೊಳಲ್ಲ. ಯಾವುದಾದ್ರೂ ಸರಿ.’

ಒಲೆಯಲ್ಲಿ ಕೊಬ್ಬಿನ ಹನಿಯೊಂದು ಕೆಂಡಕ್ಕೆ ಬಿದ್ದು ಚುರ್ರೆಂದಿತು. ಅವನು ಕಣ್ಣು ತೆರೆದಾಗ ದರ್‌ಕೂಂಗಿ ಅವನನ್ನು ನೋಡುತ್ತಿರಲಿಲ್ಲ. ಮಣೆಯ ಮೇಲಿನ ಸೂಜಿಯನ್ನು ನೋಡುತ್ತಿದ್ದಳು, ಆಮೇಲೆ ಅವನು ಬಿಚ್ಚಿದ ಅಂಗಿಯ ತೋಳನ್ನು. ಕಾಲುಗಳ ನಡುವಿನಿಂದ ಶೀಶೆ ಎತ್ತಿಕೊಂಡಳು. ಅವಳ ತುಟಿ ಒಂದು ಬದಿಗೆ ಎಳೆಯಿತು.

‘ಹೇಳಲ್ಲ,’ ಎಂದಳು, ಮತ್ತು ಬಾಯಿ ತುಂಬ ಹೊಗೆನೀರು ಸುರಿದುಕೊಂಡಳು.